ಹಳೇ ಪಿಕಪ್‌ಗೆ ವಿಜಿಟಿ ಟರ್ಬೋ: ಲಿವರ್ ಕಟ್ಟಿ ಓಡಿಸಬಹುದಾ?

ಪ್ರಶ್ನೆ: "ಸಾರ್, ನನ್ನ ಹತ್ರ ಟರ್ಬೋ ಇಲ್ಲದ ಹಳೇ ಡಿಐ ಪಿಕಪ್ ಇದೆ. ಚಿಕ್ಕಮಗಳೂರು ಹತ್ರದ ಕೈಮರದಿಂದ ಮೇಲೆ ನಮ್ಮ ತೋಟ. ಗೊಬ್ಬರ ತುಂಬಿಕೊಂಡು ಹತ್ತುವಾಗ ಸೆಕೆಂಡ್ ಗೇರ್‌ನಲ್ಲೂ ಎಳೆಯಲ್ಲ. ಗುಜರಿಯಲ್ಲಿ ಎಸ್‌ಯುವಿದು ಒಂದು ವಿಜಿಟಿ ಟರ್ಬೋ ಸಿಕ್ಕಿದೆ. ಹಾಕಿಸಬಹುದಾ? ಕಂಟ್ರೋಲ್ ಏನೂ ಬೇಡ, ಲಿವರನ್ನು ತಂತಿಯಲ್ಲಿ ಬಿಗಿದರೆ ಸಾಕು ಅಂತಾರೆ ನಮ್ಮ ಮೇಸ್ತ್ರಿ."

ಉತ್ತರ: ಹಾಕಿಸಬಹುದು. ಆದರೆ ಲಿವರ್ ಕಟ್ಟಿ ಓಡಿಸಬಾರದು.

ಕಾಫಿ ಕೊಯ್ಲು ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಒಂದು ಸಲ ಆಲ್ದೂರಿನಿಂದ, ಒಂದು ಸಲ ಮೂಡಿಗೆರೆಯಿಂದ, ಇನ್ನೊಂದು ಸಲ ಸಕಲೇಶಪುರದಿಂದ. ಗಾಡಿ ಬೇರೆ ಬೇರೆ, ಲಿವರ್ ಕಟ್ಟುವ ಮಾತು ಮಾತ್ರ ಎಲ್ಲರದ್ದೂ ಒಂದೇ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇವತ್ತು ಪೂರ್ತಿ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಟರ್ಬೋ ಏನು ಮಾಡುತ್ತದೆ ಅನ್ನೋದು ನಿಮಗೆ ಗೊತ್ತೇ ಇದೆ. ಎಂಜಿನ್ ಹೊರಗೆ ಬಿಡುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಎಂಜಿನ್ ಒಳಗೆ ಗಾಳಿ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಸಾದಾ ಟರ್ಬೋದಲ್ಲಿ ಹೊಗೆ ಹೋಗುವ ದಾರಿಯ ಅಗಲ ಬದಲಾಗುವುದಿಲ್ಲ. ವಿಜಿಟಿಯಲ್ಲಿ, ಅಂದರೆ ವೇರಿಯಬಲ್ ಜಿಯಾಮೆಟ್ರಿ ಟರ್ಬೋದಲ್ಲಿ, ಬದಲಾಗುತ್ತದೆ. ಹೊಗೆ ತಿರುಗಿಸುವ ಟರ್ಬೈನ್ ಚಕ್ರದ ಸುತ್ತ ಸಣ್ಣ ಸಣ್ಣ ವೇನ್‌ಗಳಿವೆ, ಅಂದರೆ ರೆಕ್ಕೆಗಳು. ಒಂದು ರಿಂಗ್ ಅವೆಲ್ಲವನ್ನೂ ಒಟ್ಟಿಗೆ ತಿರುಗಿಸುತ್ತದೆ. ಆ ರಿಂಗನ್ನು ಆಡಿಸುವುದೇ ಹೊರಗೆ ಕಾಣುವ ಲಿವರ್.

ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದೆ, ಅಲ್ವಾ? ವೇನ್ ಮುಚ್ಚಿಕೊಂಡಾಗ ಆಗುವುದೂ ಅದೇ. ಕಡಿಮೆ ಆರ್‌ಪಿಎಂನಲ್ಲಿ ಹೊಗೆ ಕಡಿಮೆ. ದಾರಿ ಕಿರಿದಾದರೆ ಆ ಸ್ವಲ್ಪ ಹೊಗೆಯೇ ಜೋರಾಗಿ ನುಗ್ಗಿ ಚಕ್ರ ತಿರುಗಿಸುತ್ತದೆ. ಆರ್‌ಪಿಎಂ ಏರಿದಂತೆ ಹೊಗೆ ಹೆಚ್ಚುತ್ತದೆ, ಆಗ ವೇನ್ ತೆರೆದುಕೊಳ್ಳಬೇಕು. ವಿಜಿಟಿಗೆ ಬೆಲೆ ಬಂದಿರುವುದೇ ಈ ತೆರೆಯುವ, ಮುಚ್ಚುವ ಕೆಲಸದಿಂದ.

ಈಗ ತಂತಿಯ ವಿಷಯಕ್ಕೆ ಬರೋಣ. ಮೇಸ್ತ್ರಿ ಲಿವರನ್ನು ಮುಚ್ಚಿದ ಸ್ಥಿತಿಯಲ್ಲಿ ಬಿಗಿಯುತ್ತಾರೆ. ಕೆಲವರು ತಂತಿಯ ಬದಲು ವ್ಯಾಕ್ಯೂಮ್ ಪೈಪನ್ನು ನೇರವಾಗಿ ಲಿವರ್ ಎಳೆಯುವ ಆಕ್ಚುಯೇಟರ್‌ಗೆ ಕೊಡುತ್ತಾರೆ. ಸಾಮಾನ್ಯವಾಗಿ ವ್ಯಾಕ್ಯೂಮ್ ಸಿಕ್ಕಾಗ ವೇನ್ ಮುಚ್ಚುತ್ತದೆ, ಹಾಗಾಗಿ ಎರಡರ ಪರಿಣಾಮವೂ ಒಂದೇ. ಗ್ಯಾರೇಜಿನಿಂದ ಹೊರಗೆ ತಂದು ಖಾಲಿ ಗಾಡಿ ಓಡಿಸಿದರೆ ಸಕತ್ ಪಿಕಪ್. ಮಾಲೀಕರಿಗೆ ಖುಷಿ, ದುಡ್ಡು ಕೊಟ್ಟು ಹೋಗುತ್ತಾರೆ.

ಆಮೇಲೆ ಲೋಡ್ ಹಾಕಿ ಗಿರಿ ಹತ್ತಿಸುತ್ತಾರೆ. ಆಕ್ಸಿಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ಎರಡೂವರೆ ಸಾವಿರ ದಾಟುತ್ತದೆ. ಹೊಗೆ ರಾಶಿ ರಾಶಿ ಬರುತ್ತದೆ, ಹೋಗಲು ದಾರಿ ಇಲ್ಲ. ಮ್ಯಾನಿಫೋಲ್ಡ್ ಒಳಗೆ ಒತ್ತಡ ಕಟ್ಟುತ್ತದೆ. ಪಿಸ್ಟನ್ ಆ ಒತ್ತಡದ ವಿರುದ್ಧ ಹೊಗೆಯನ್ನು ಹೊರಗೆ ತಳ್ಳಬೇಕು. ಟರ್ಬೋ ಕೊಟ್ಟ ಶಕ್ತಿಯ ಒಂದು ಪಾಲು ಇದಕ್ಕೇ ಖರ್ಚಾಗುತ್ತದೆ. ಹೊರಗೆ ಹೋಗದ ಬಿಸಿ ಹೊಗೆ ಸಿಲಿಂಡರ್‌ನಲ್ಲೇ ಉಳಿದು ಹೊಸ ಗಾಳಿಯ ಜಾಗ ತಿನ್ನುತ್ತದೆ. ಉಷ್ಣತೆ ಏರುತ್ತಲೇ ಹೋಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂನದ್ದು, ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಆಯಿಲ್ ಮತ್ತು ನೀರು ಬಿಸಿಯನ್ನು ಎಳೆದುಕೊಳ್ಳುವುದರಿಂದ ಅದು ಬದುಕಿದೆ ಅಷ್ಟೆ. ಇನ್ನು ಟರ್ಬೋ ಶಾಫ್ಟ್. ಇಷ್ಟು ಚಿಕ್ಕ ಟರ್ಬೋ ಮಾಮೂಲಿಯಾಗಿಯೇ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತದೆ. ತಡೆಯುವವರು ಇಲ್ಲದಿದ್ದರೆ ಅದರ ಮಿತಿಯನ್ನೂ ದಾಟುತ್ತದೆ.

ಸಾದಾ ಟರ್ಬೋದಲ್ಲಿ ಇದನ್ನು ತಡೆಯಲು ವೇಸ್ಟ್‌ಗೇಟ್ ಇರುತ್ತದೆ. ಒತ್ತಡ ಹೆಚ್ಚಾದರೆ ಬಾಗಿಲು ತೆರೆದು ಹೊಗೆಯನ್ನು ಪಕ್ಕದಿಂದ ಬಿಡುತ್ತದೆ. ವಿಜಿಟಿಯಲ್ಲಿ ಸಾಮಾನ್ಯವಾಗಿ ಆ ಬಾಗಿಲೇ ಇಲ್ಲ. ವೇನ್ ತೆರೆಯುವುದೇ ಅದರ ರಕ್ಷಣೆ. ನೀವು ಬಿಗಿದು ಕಟ್ಟಿದ್ದು ಅದನ್ನೇ.

ಇಷ್ಟು ಹೇಳಿದ ಮೇಲೂ ವಾದ ನಿಲ್ಲುವುದಿಲ್ಲ. "ಬೂಸ್ಟ್ ಮೀಟರ್ ಸರಿಯಾಗೇ ತೋರಿಸುತ್ತಿದೆಯಲ್ಲ?" ಬೂಸ್ಟ್ ಮೀಟರ್ ತೋರಿಸುವುದು ಗಾಳಿ ಕಡೆಯ ಒತ್ತಡ. ಹೊಗೆ ಕಡೆ ಅದರ ಎರಡು ಪಟ್ಟು ಇದ್ದರೂ ಅದಕ್ಕೆ ಕಾಣುವುದಿಲ್ಲ. "ಅರ್ಧಕ್ಕೆ ಕಟ್ಟಿದರೆ?" ಆಗ ಕೆಳಗಿನ ಆರ್‌ಪಿಎಂನಲ್ಲಿ ಎಳೆತವೂ ಇಲ್ಲ, ಮೇಲೆ ರಕ್ಷಣೆಯೂ ಇಲ್ಲ. ಅದಕ್ಕಿಂತ ವೇಸ್ಟ್‌ಗೇಟ್ ಇರುವ ಸಾದಾ ಟರ್ಬೋ ಎಷ್ಟೋ ಮೇಲು. "ನಮ್ಮ ಪಕ್ಕದ ತೋಟದವರದ್ದು ಏನೂ ಆಗಿಲ್ಲ." ಆ ಗಾಡಿ ಏನು ಹೊರುತ್ತದೆ, ಎಲ್ಲಿ ಓಡುತ್ತದೆ ಕೇಳಿ. ಚಿಕ್ಕಮಗಳೂರು–ಹಾಸನ ರಸ್ತೆಯಲ್ಲಿ ಹಗುರ ಲೋಡ್‌ನಲ್ಲಿ ಹೋಗುವ ಗಾಡಿಗೂ, ಚಾರ್ಮಾಡಿಯನ್ನು ಕೆಳಗಿನಿಂದ ಕೊಟ್ಟಿಗೆಹಾರದವರೆಗೆ ಲೋಡ್ ಹೊತ್ತು ಹತ್ತುವ ಗಾಡಿಗೂ ಹೋಲಿಕೆ ಬೇಡ. ಇಂಥ ಗಾಡಿಗಳು ನನ್ನ ಹತ್ತಿರವೂ ಬಂದಿವೆ. ಮ್ಯಾನಿಫೋಲ್ಡ್ ಬಿರುಕು ಬಿಟ್ಟಿರುತ್ತದೆ, ಗ್ಯಾಸ್ಕೆಟ್ ಹೋಗಿರುತ್ತದೆ, ಟರ್ಬೋ ಶಾಫ್ಟ್ ಕೈಯಲ್ಲಿ ಹಿಡಿದರೆ ಅಲ್ಲಾಡುತ್ತದೆ. ಮಾಲೀಕರು "ಟರ್ಬೋನೇ ಸರಿ ಇಲ್ಲ" ಅನ್ನುತ್ತಾರೆ. ಟರ್ಬೋ ಚೆನ್ನಾಗಿಯೇ ಇತ್ತು, ಸ್ವಾಮಿ.

"ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಚೆನ್ನಾಗಿ ಸಿಗುತ್ತೆ" ಅನ್ನುವವರೂ ಇದ್ದಾರೆ. ದೊಡ್ಡ ಲಾರಿಗಳಲ್ಲಿ ವಿಜಿಟಿಯನ್ನು ಹಾಗೆ ಬಳಸುವುದು ನಿಜ. ಅದನ್ನು ಲೆಕ್ಕ ಹಾಕಿಯೇ ಆ ಎಂಜಿನ್‌ನ ವಾಲ್ವ್ ಸ್ಪ್ರಿಂಗ್ ಮಾಡಿರುತ್ತಾರೆ. ನಿಮ್ಮ ಹಳೇ ಪಿಕಪ್‌ನ ಸ್ಪ್ರಿಂಗ್ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಎಕ್ಸಾಸ್ಟ್ ವಾಲ್ವ್ ತಾನಾಗಿ ತೆರೆದುಕೊಂಡು ಪಿಸ್ಟನ್‌ಗೆ ತಾಗುವ ಅಪಾಯ ಇದೆ.

ಇನ್ನೊಂದು ವಿಷಯ. ಆಡದ ವೇನ್ ಮಸಿ ಕಟ್ಟಿ ಅಲ್ಲೇ ಹಿಡಿದುಕೊಳ್ಳುತ್ತದೆ. ಮುಂದೆ ಬುದ್ಧಿ ಬಂದು ಸರಿಯಾದ ಕಂಟ್ರೋಲ್ ಹಾಕಿಸಿದರೂ ಲಿವರ್ ಅಲುಗದು. ಟರ್ಬೋ ಬಿಚ್ಚಿ, ಒಂದೊಂದೇ ವೇನ್ ತೊಳೆಯಬೇಕು.

ಸರಿಯಾದ ದಾರಿ ಏನು? ಡೀಸೆಲ್ ಪಂಪ್ ಮೆಕ್ಯಾನಿಕಲ್ ಆಗಿದ್ದು ಗಾಡಿಯಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಲ್ಲದಿದ್ದರೆ ಎರಡು ಆಯ್ಕೆ. ಮೊದಲನೆಯದು, ಬೂಸ್ಟ್ ಒತ್ತಡದಿಂದಲೇ ಲಿವರ್ ತೆರೆಯುವ ಸ್ಪ್ರಿಂಗ್ ಆಕ್ಚುಯೇಟರ್. ಒತ್ತಡ ಏರಿದಂತೆ ವೇನ್ ತೆರೆಯುತ್ತದೆ. ಪೂರ್ತಿ ನಾಜೂಕಲ್ಲ, ಆದರೆ ಕೆಲಸ ಮಾಡುತ್ತದೆ. ಎರಡನೆಯದು, ಬೂಸ್ಟ್, ಹೊಗೆ ಒತ್ತಡ, ಆರ್‌ಪಿಎಂ ಮೂರನ್ನೂ ನೋಡಿ ಲಿವರ್ ಆಡಿಸುವ ಬೇರೆ ಕಂಟ್ರೋಲರ್. ಖರ್ಚು ಜಾಸ್ತಿ, ಕೂರಿಸಿ ಟ್ಯೂನ್ ಮಾಡಲು ತಿಳಿದವರು ಬೇಕು. ಯಾವುದನ್ನೇ ಹಾಕಿ, ಮ್ಯಾನಿಫೋಲ್ಡ್‌ನಲ್ಲಿ ಹೊಗೆಯ ಉಷ್ಣತೆ ತೋರಿಸುವ ಮೀಟರ್ ಮಾತ್ರ ಕಡ್ಡಾಯ. ಟರ್ಬೋ ಇಲ್ಲದೆ ಬಂದ ಎಂಜಿನ್‌ಗೆ ಅರ್ಧ ಬಾರ್ ಆಸುಪಾಸಿನ ಬೂಸ್ಟ್ ಸಾಕು. ಅದರ ಕಂಪ್ರೆಷನ್ ಮೊದಲೇ ಜಾಸ್ತಿ, ಪಿಸ್ಟನ್ ಕೆಳಗೆ ಆಯಿಲ್ ಚಿಮ್ಮುವ ಜೆಟ್ ಎಷ್ಟೋ ಎಂಜಿನ್‌ಗಳಲ್ಲಿ ಇರುವುದಿಲ್ಲ.

ಗುಜರಿಯಲ್ಲಿ ಸಿಗುವ ವಿಜಿಟಿ ಹೆಚ್ಚಾಗಿ ಸ್ಕಾರ್ಪಿಯೋ ಎಂಹಾಕ್ ಥರದ 2.2 ಲೀಟರ್ ಎಂಜಿನ್‌ಗಳದ್ದು. ಅಳತೆಯಲ್ಲಿ ನಿಮ್ಮ ಎರಡೂವರೆ ಲೀಟರ್ ಡಿಐಗೆ ಹತ್ತಿರವೇ. ಕೆಲವದರಲ್ಲಿ ಆಕ್ಚುಯೇಟರ್ ಎಲೆಕ್ಟ್ರಿಕ್, ಅದನ್ನು ಇಸಿಯು ಇಲ್ಲದೆ ಆಡಿಸುವುದು ಕಷ್ಟ, ತೆಗೆದುಕೊಳ್ಳಬೇಡಿ. ಆಯಿಲ್ ವಾಪಸ್ ಪೈಪ್ ಎಲ್ಲೂ ಮೇಲೇರದೆ ಇಳಿಜಾರಾಗಿ ಎಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯಬೇಕು. ನಿಮ್ಮ ಎಂಜಿನ್‌ನಲ್ಲೇ ಕಂಪನಿಯವರು ಟರ್ಬೋ ಹಾಕಿದ ಮಾದರಿ ಬಂದಿದ್ದರೆ ಅದರ ಮ್ಯಾನಿಫೋಲ್ಡ್, ಟರ್ಬೋ, ಪಂಪ್ ಸೆಟ್ಟಾಗಿ ಹುಡುಕಿ. ನಿಮ್ಮ ಕೆಲಸಕ್ಕೆ ನಾನು ಹೇಳುವುದು ಇದನ್ನೇ.

ಆರ್‌ಸಿ ವಿಷಯ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಇನ್ನು ನೀವು ಕೇಳದ ಒಂದು ಮಾತು. ಗಿರಿ ಹತ್ತುವಾಗ ಇಂಥ ಹಳೇ ಗಾಡಿ ಎಳೆಯದೆ ಯಾಕೆ ಕರಿ ಹೊಗೆ ಬಿಡುತ್ತದೆ? ಸಮುದ್ರದ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1 ಬಾರ್. ಚಿಕ್ಕಮಗಳೂರು ಪೇಟೆ ಸಾವಿರ ಮೀಟರ್‌ಗಿಂತ ಮೇಲಿದೆ, ಇಲ್ಲಿ 0.9ರ ಆಸುಪಾಸು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 0.8. ಟರ್ಬೋ ಇಲ್ಲದ ಎಂಜಿನ್‌ಗೆ ಅಲ್ಲಿ ಐದರಲ್ಲಿ ಒಂದು ಪಾಲು ಗಾಳಿ ಖೋತಾ. ಹಳೇ ಪಂಪ್‌ಗೆ ಇದು ಗೊತ್ತಾಗುವುದಿಲ್ಲ, ಅಷ್ಟೇ ಡೀಸೆಲ್ ಹೊಡೆಯುತ್ತದೆ. ಉರಿಯದ ಡೀಸೆಲ್ ಮಸಿಯಾಗುತ್ತದೆ.

ಮಂಗಳೂರಿನಲ್ಲಿ ಪಂಪ್ ಕ್ಯಾಲಿಬ್ರೇಷನ್ ಮಾಡಿಸಿಕೊಂಡು, ಡೀಸೆಲ್ ಸ್ವಲ್ಪ ಏರಿಸಿಕೊಂಡು ಬರುವವರು ತುಂಬ ಜನ. ಕೆಳಗೆ ಹೊಗೆ ಇಲ್ಲದೆ ಓಡಿದ ಗಾಡಿ ಘಾಟಿ ಹತ್ತಿದ ಮೇಲೆ ಕರಿ ಹೊಗೆ ಉಗುಳುತ್ತದೆ. ಆಮೇಲೆ ನಾಜಲ್ ಬದಲಿಸುತ್ತಾರೆ, ಫಿಲ್ಟರ್ ಬದಲಿಸುತ್ತಾರೆ, ಹೊಗೆ ನಿಲ್ಲುವುದಿಲ್ಲ. ಗಾಡಿ ಎಲ್ಲಿ ದುಡಿಯುತ್ತದೋ ಅಲ್ಲಿನ ಗಾಳಿಗೆ ಪಂಪ್ ಸೆಟ್ ಮಾಡಿಸಬೇಕು. ಟರ್ಬೋ ಖರೀದಿಸುವ ಮೊದಲು ಒಂದು ಸಲ ಏರ್ ಫಿಲ್ಟರ್, ನಾಜಲ್, ವಾಲ್ವ್ ಟ್ಯಾಪೆಟ್ ನೋಡಿಸಿ, ಪಂಪನ್ನು ಚಿಕ್ಕಮಗಳೂರಿನಲ್ಲೇ ಸೆಟ್ ಮಾಡಿಸಿ, ಅದೇ ಗೊಬ್ಬರದ ಲೋಡ್ ಹಾಕಿ ಹತ್ತಿಸಿ ನೋಡಿ. ಆಗಲೂ ಸೆಕೆಂಡ್ ಗೇರ್ ಎಳೆಯದಿದ್ದರೆ ಗಾಡಿ ತನ್ನಿ, ಟರ್ಬೋ ಬಗ್ಗೆ ಕೂತು ಮಾತಾಡೋಣ.