ಪ್ಯೂಮಿಸ್ ಬಯಲಿನ ಲುಪಿನ್

ಕಡಲೆಕಾಯಿ ಗಿಡ ಕಿತ್ತವರಿಗೆಲ್ಲ ಅದರ ಬೇರಿನ ಗಂಟುಗಳು ಗೊತ್ತು. ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ, ಒಳಗೆ ತಿಳಿಗೆಂಪು. ಬೇರಿನಲ್ಲಿ ಇಂಥವೇ ಗಂಟುಗಳನ್ನು ಕಟ್ಟುವ ಒಂದು ಬೆಟ್ಟದ ಹೂಗಿಡ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಣ್ಣೇ ಇಲ್ಲದ ನೆಲದಲ್ಲಿ ಬೇರೂರಿತು.

1980ರ ಮೇ 18ರ ಬೆಳಿಗ್ಗೆ 8.32ಕ್ಕೆ ಸೇಂಟ್ ಹೆಲೆನ್ಸ್ ಪರ್ವತದ ಉತ್ತರದ ಮಗ್ಗುಲು ಕುಸಿದು ಜ್ವಾಲಾಮುಖಿ ಸಿಡಿಯಿತು. 57 ಜನ ಸತ್ತರು. ಶಿಖರ ಸುಮಾರು 400 ಮೀಟರ್ ತಗ್ಗಿತು. ಬುಡದ ಕಾಡನ್ನು ಮೊದಲು ಬೆಟ್ಟದ ಕಲ್ಲುಮಣ್ಣು ಹೂತಿತು. ಅದರ ಮೇಲೆ ಕೆಂಡದಂಥ ಬೂದಿ ಮತ್ತು ಪ್ಯೂಮಿಸ್, ಅಂದರೆ ನೀರಿನಲ್ಲಿ ತೇಲುವ ತೂತುತೂತಿನ ಕಲ್ಲು, ಹರಿದು ಬಂದು ಹರಡಿತು. ಅಲ್ಲಿ ಬೇರು, ಬೀಜ ಏನೂ ಉಳಿಯಲಿಲ್ಲ. ಗಿಡಕ್ಕೆ ಬೇಕಾದ ಸಾರಜನಕವಂತೂ ಇರಲೇ ಇಲ್ಲವೆನ್ನಬಹುದು.

ಒಂದೆರಡು ವರ್ಷಗಳಲ್ಲೇ ಆ ಬೂದುಬಯಲಲ್ಲಿ ವಿಜ್ಞಾನಿಗಳಿಗೆ ಒಂಟಿ ಗಿಡವೊಂದು ಕಂಡಿತು. ಅದು ಲುಪಿನಸ್ ಲೆಪಿಡಸ್ ಎಂಬ ಲುಪಿನ್. ಅಂಗೈ ಬಿಡಿಸಿದಂಥ ಎಲೆ, ಎಲೆಯ ಮೇಲೆ ಬೆಳ್ಳಿಯ ರೋಮ, ಅವರೆ ಹೂವಿನದೇ ರೂಪದ ನೀಲಿ-ನೇರಳೆ ಹೂಗಳ ತೆನೆ. ಎತ್ತರದ ಹುಲ್ಲುಗಾವಲುಗಳ ಈ ಗಿಡ ಬಹುವಾರ್ಷಿಕವಾದರೂ ಅದರ ಆಯಸ್ಸು ಕೆಲವೇ ವರ್ಷ.

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದ್ದರೂ ಅದರ ಪರಮಾಣುಗಳು ಮೂರು ಬಂಧಗಳಿಂದ ಜೋಡಿಯಾಗಿ ಬೆಸೆದಿರುವುದರಿಂದ ಗಿಡಗಳಿಗೆ ದಕ್ಕುವುದಿಲ್ಲ. ಆ ಬೆಸುಗೆ ಬಿಡಿಸುವ ನೈಟ್ರೋಜಿನೇಸ್ ಎಂಬ ಕಿಣ್ವ ಗಂಟಿನೊಳಗಿನ ಬ್ಯಾಕ್ಟೀರಿಯಾಗಳಲ್ಲಿದೆ. ಆದರೆ ಆಮ್ಲಜನಕ ತಾಗಿದರೆ ಆ ಕಿಣ್ವ ಕೆಡುತ್ತದೆ, ಬ್ಯಾಕ್ಟೀರಿಯಾ ಉಸಿರಾಡಲೂ ಆಮ್ಲಜನಕವೇ ಬೇಕು! ಗಿಡ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಎಷ್ಟು ಸಲ ಓದಿದರೂ ಬೆರಗು: ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧುವಾದ ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಅಳೆದು ಕೊಡುತ್ತದೆ. ಗಂಟಿನ ಕೆಂಪು ಅದರದೇ.

ಲುಪಿನ್ ಸತ್ತಾಗ ಈ ಸಾರಜನಕ ಬೂದಿಗೆ ಸೇರುತ್ತದೆ. ಬದುಕಿರುವಾಗಲೂ ಅದರ ಪೊದೆಗೆ ಗಾಳಿ ತಂದ ಬೀಜ, ಸತ್ತ ಹುಳ, ಧೂಳು ಸಿಕ್ಕಿಕೊಳ್ಳುತ್ತವೆ. ಹೀಗೆ ಮಣ್ಣು ಹುಟ್ಟುತ್ತದೆ.

ಹಾಗಾದರೆ ಬಯಲೆಲ್ಲ ಬೇಗನೆ ನೇರಳೆಯಾಗಬೇಕಿತ್ತಲ್ಲ? ಪತಂಗದ ಮರಿಹುಳುಗಳು ಬಿಡಲಿಲ್ಲ. ಎಲೆ ತಿನ್ನುವವು, ಬೇರು ಕೊರೆಯುವವು ಬಂದವು. ವಿಚಿತ್ರವೆಂದರೆ ದಟ್ಟವಾಗಿ ಬೆಳೆದ ನಡುಭಾಗಕ್ಕಿಂತ, ಹೊಸ ನೆಲಕ್ಕೆ ಕಾಲಿಟ್ಟ ಅಂಚಿನ ವಿರಳ ಗಿಡಗಳಿಗೇ ಎಲೆ ತಿನ್ನುವ ಹುಳುಗಳ ಕಾಟ ಹೆಚ್ಚು. ಪರಿಸರ ವಿಜ್ಞಾನಿ ಜಾನ್ ಬಿಷಪ್ ಮತ್ತು ಸಂಗಡಿಗರು ಇದರ ಕಾರಣ ಹುಡುಕುತ್ತ ರಂಜಕಕ್ಕೆ (ಫಾಸ್ಫರಸ್) ಬಂದು ನಿಂತರು. ಹಳೆಯ ಗುಂಪಿನ ಎಲೆಗಳಲ್ಲಿ ರಂಜಕ ಕಡಿಮೆ, ತಿಂದರೆ ಹುಳು ಸರಿಯಾಗಿ ಬೆಳೆಯದು. ಅಂಚಿನ ಎಳೆಯ ಗಿಡಗಳಲ್ಲಿ ಅದು ಸಮೃದ್ಧ.