ಸೊಪ್ಪಿನೊಳಗಿನ ಹೊಗೆಸೊಪ್ಪು

“ಸಿಗರೇಟ್ ಸೇದ್ತೀಯಾ?”
“ಇಲ್ಲ ಮೇಡಂ.”
“ಬೀಡಿ? ಗುಟ್ಕಾ?”
“ಅಯ್ಯೋ, ಅದೆಲ್ಲ ಇಲ್ಲ. ಬರೀ ಸೊಪ್ಪು.”

ವ್ಯಸನಮುಕ್ತಿ ವಿಭಾಗದ ನನ್ನ ಕೊಠಡಿಯಲ್ಲಿ ಈ ಮಾತುಕತೆ ನಡೆಯದ ವಾರವಿಲ್ಲ. ಸೊಪ್ಪು ಎಂದರೆ ಈ ಹುಡುಗರ ಬಾಯಲ್ಲಿ ಗಾಂಜಾ. ಕಾನೂನಿಗೆ ವಿರುದ್ಧವಾದದ್ದನ್ನು ಧೈರ್ಯ ಮಾಡಿ ಹೇಳಿಬಿಡುತ್ತಾರೆ. ಪೆಟ್ಟಿಗೆ ಅಂಗಡಿಯಲ್ಲಿ ಸಿಗುವ ಇನ್ನೊಂದನ್ನು ಹೇಳಬೇಕೆಂದು ಅವರಿಗೆ ಹೊಳೆಯುವುದೇ ಇಲ್ಲ. ಅವರು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತು. ಆದರೂ ಹದಿನೈದು ವರ್ಷಗಳಿಂದ ಕೇಳಿ ಕೇಳಿ ಈ ಉತ್ತರಕ್ಕೆ ನನ್ನ ತಾಳ್ಮೆ ಸವೆದಿದೆ.

ಅದಕ್ಕೇ ಈಗೀಗ ಪ್ರಶ್ನೆ ಕೇಳುವುದನ್ನು ಬಿಟ್ಟು, “ಹೇಗೆ ಸುತ್ತುತ್ತೀಯ, ಕೈಯಲ್ಲೇ ತೋರಿಸು” ಅನ್ನುತ್ತೇನೆ. ಆಗ ಬೆರಳುಗಳು ನಿಜ ಹೇಳುತ್ತವೆ. ಇಲ್ಲದ ಸಿಗರೇಟೊಂದನ್ನು ಎರಡು ಬೆರಳ ನಡುವೆ ಹಿಡಿದು ಉರುಟಿ, ಒಳಗಿನ ಪುಡಿಯನ್ನು ಅಂಗೈಗೆ ಉದುರಿಸುತ್ತಾರೆ. “ಉದುರಿದ್ದು ಏನದು?” ಅಂದರೆ “ಸಿಗರೇಟಿನ ಪುಡಿ.” “ಏನು ಮಾಡಿದೆ ಅದನ್ನ?” “ಅರ್ಧ ಬಿಸಾಕಿದೆ, ಅರ್ಧ ಮಿಕ್ಸ್ ಮಾಡಿದೆ. ಬರೀ ಸೊಪ್ಪು ಸರಿಯಾಗಿ ಉರಿಯಲ್ಲ ಮೇಡಂ.” ಚಿಲುಮೆ ಸೇದುವವರದ್ದೂ ಬಹುಮಟ್ಟಿಗೆ ಇದೇ ಕಥೆ.

ಆ ಅರ್ಧದ ಬಗ್ಗೆಯೇ ನಾನು ಬರೆಯಬೇಕೆಂದುಕೊಂಡದ್ದು. ಗಾಂಜಾ ಜೊತೆ ಬೆರೆತ ಮಾತ್ರಕ್ಕೆ ಹೊಗೆಸೊಪ್ಪು ಮಾಯವಾಗುವುದಿಲ್ಲ. ಅದರ ನಿಕೋಟಿನ್ ಅದರಲ್ಲೇ ಇರುತ್ತದೆ. ಹೊಗೆಯ ಮೂಲಕ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಸಿಗರೇಟಿನಿಂದ ಬಂದ ನಿಕೋಟಿನ್ ಹೇಗೋ ಹಾಗೇ. ದಿನಕ್ಕೆ ಆರು ಜಾಯಿಂಟ್ (ಗಾಂಜಾ ತುಂಬಿ ಸುತ್ತಿದ ಸಿಗರೇಟು), ಒಂದೊಂದಕ್ಕೂ ಅರ್ಧ ಸಿಗರೇಟಿನ ಪುಡಿ ಅಂದರೆ ಕಾಗದದ ಮೇಲೆ ಮೂರು ಸಿಗರೇಟು. ಎಳೆಯುವ ರೀತಿ ನೋಡಿದರೆ ಮೂರಕ್ಕೇ ನಿಲ್ಲುತ್ತದೆ ಎಂದು ನಾನು ಹೇಳಲಾರೆ. 1988ರಲ್ಲಿ ಅಮೆರಿಕದಲ್ಲಿ 15 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಗಾಂಜಾ ಸೇದುವಾಗ ಅವರು ಸಿಗರೇಟಿಗಿಂತ ದೊಡ್ಡ ದಮ್ ಎಳೆದು, ಸುಮಾರು ನಾಲ್ಕು ಪಟ್ಟು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಿದ್ದರು. ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಏರಿದ್ದು ಹೆಚ್ಚುಕಡಿಮೆ ಐದು ಪಟ್ಟು, ಒಳಗೆ ಹೋದ ಟಾರ್, ಅಂದರೆ ಹೊಗೆಯ ಅಂಟು ಕಲ್ಮಷ, ಮೂರು ಪಟ್ಟು. ಚಿಕ್ಕ ಅಧ್ಯಯನ, ಅದನ್ನು ಮರೆಯಬಾರದು. ಅಲ್ಲಿ ಸೇದಿದ್ದು ಬರೀ ಗಾಂಜಾ ಎಂಬುದನ್ನೂ ಮರೆಯಬಾರದು. ಅದೇ ಎಳೆತ, ಅದೇ ಉಸಿರಿನಲ್ಲಿ ಹೊಗೆಸೊಪ್ಪೂ ಸೇರಿಕೊಂಡರೆ ಏನಾದೀತೆಂದು ಊಹಿಸಲು ಡಾಕ್ಟರೇ ಆಗಬೇಕಿಲ್ಲ.

ಇದು ನಮ್ಮ ಹುಡುಗರ ಚಾಳಿ ಮಾತ್ರ ಅಲ್ಲ. 18 ದೇಶಗಳ ಗಾಂಜಾ ಬಳಕೆದಾರರ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ಯುರೋಪಿನಲ್ಲಿ ನೂರಕ್ಕೆ 77ರಿಂದ 91 ಜನ ತಂಬಾಕು ಬೆರೆಸಿಯೇ ಸೇದುತ್ತಿದ್ದರು. ಅಮೆರಿಕ ಖಂಡದ ದೇಶಗಳಲ್ಲಿ ಹಾಗೆ ಬೆರೆಸುವವರು ತೀರಾ ಕಡಿಮೆ. ಆದ್ದರಿಂದ ಅಲ್ಲಿಯ ಸಂಶೋಧನೆಯನ್ನು ಎತ್ತಿ ತಂದು ನಮ್ಮ ರೋಗಿಗೆ ಅಂಟಿಸುವಾಗ ಸ್ವಲ್ಪ ಎಚ್ಚರ ಬೇಕು. ತಪ್ಪು ರೋಗಿಯದ್ದು ಮಾತ್ರ ಎಂದೂ ನಾನು ಹೇಳುವುದಿಲ್ಲ. ನಮ್ಮ ಕೇಸ್ ಶೀಟಿನಲ್ಲೇ ತಂಬಾಕಿಗೊಂದು ಕಾಲಂ, ಗಾಂಜಾಕ್ಕೊಂದು ಕಾಲಂ. ಎರಡೂ ಒಂದೇ ಕಾಗದದಲ್ಲಿ ಸುತ್ತಿಕೊಂಡು ಬಂದರೆ ಎಲ್ಲಿ ಬರೆಯಬೇಕು? ಸಿಗರೇಟು ಬಿಡಿಸುವ ಎಷ್ಟೋ ಔಷಧ ಪ್ರಯೋಗಗಳಲ್ಲೂ ಗಾಂಜಾ ಸೇದುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿದ್ದಾರೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ, ಕೇಳಿ. ಹುಡುಗ ಮನಸ್ಸು ಮಾಡಿ ಗಾಂಜಾ ನಿಲ್ಲಿಸುತ್ತಾನೆ. ಎರಡನೇ ದಿನಕ್ಕೆ ಸಿಡುಕು, ಮೂರನೇ ದಿನ ತಟ್ಟೆ ಎಸೆಯುತ್ತಾನೆ. ನಿದ್ದೆ ಬಂದರೆ ವಿಚಿತ್ರ ಕನಸು. ಅಮ್ಮ ಗಾಬರಿಯಾಗಿ ಫೋನ್ ಮಾಡುತ್ತಾರೆ: “ಮೇಡಂ, ಇದಕ್ಕಿಂತ ಸೇದ್ತಿದ್ದಾಗಲೇ ವಾಸಿ ಇದ್ದ.” ಗಾಂಜಾ ಬಿಟ್ಟಾಗಲೂ ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ. ನಿಕೋಟಿನ್ ಬಿಟ್ಟಾಗಲೂ ಅಷ್ಟೇ. ಈ ಹುಡುಗ ಎರಡನ್ನೂ ಒಟ್ಟಿಗೆ ಬಿಟ್ಟಿದ್ದಾನೆ, ಅದು ಅವನಿಗೇ ಗೊತ್ತಿಲ್ಲ. ಊಟದ ಕಡೆ ನೋಡಿದರೆ ಒಂದಿಷ್ಟು ಸುಳಿವು ಸಿಗುತ್ತದೆ. ಗಾಂಜಾ ಬಿಟ್ಟವರಿಗೆ ಸಾಮಾನ್ಯವಾಗಿ ಹಸಿವು ಕಟ್ಟುತ್ತದೆ, ತಂಬಾಕು ಬಿಟ್ಟವರಿಗೆ ಹೆಚ್ಚುತ್ತದೆ. ಪೂರ್ತಿ ನಂಬುವ ಸುಳಿವಲ್ಲ, ಆದರೂ ಕೇಳಿ ನೋಡುತ್ತೇನೆ.

ಇನ್ನೊಂದು ಬಗೆ ನನಗೆ ಹೆಚ್ಚು ಸಂಕಟ ಕೊಡುತ್ತದೆ. ಗಾಂಜಾ ಬಿಟ್ಟವನ ಕೈಗೆ ಸಿಗರೇಟು ಬರುತ್ತದೆ. ದಿನಕ್ಕೆ ನಾಲ್ಕು ಇದ್ದದ್ದು ಹದಿನೈದಾಗುತ್ತದೆ. ಮನೆಯವರಿಗೆ ಸಮಾಧಾನ: “ಸಿಗರೇಟ್ ತಾನೇ, ಸೇದ್ಕೊಳ್ಲಿ ಬಿಡಿ.” ಮಗನಿಗೆಂದು ತಾವೇ ಅಂಗಡಿಗೆ ಹೋಗಿ ಪ್ಯಾಕ್ ತಂದ ತಾಯಿಯೊಬ್ಬರು ನನ್ನೆದುರು ಕೂತಿದ್ದರು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ಬೈಯಲು ಬಾಯಿ ಬರಲಿಲ್ಲ. ಆದರೆ ಸಿಗರೇಟು ಕೈಗೆ ಬಂದರೆ ಬೆರಳಿಗೆ ಹಳೆಯ ಕೆಲಸ ನೆನಪಾಗುತ್ತದೆ. ಎರಡು ತಿಂಗಳ ನಂತರ ಅವನೇ ಹೇಳಿದ: “ಪ್ಯಾಕ್ ಕೈಯಲ್ಲಿತ್ತು ಮೇಡಂ, ಪುಡಿ ಉದುರಿಸೋಕೆ ಶುರು ಮಾಡ್ಬಿಟ್ಟಿದ್ದೆ.”

ಮನೋರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕ್ಲೋಜಪಿನ್, ಒಲಾನ್ಜಪಿನ್ ಮಾತ್ರೆಗಳು ಆಗ ಬೇಗ ಕರಗಿಹೋಗುತ್ತವೆ. ಸೇದುವುದು ಏಕಾಏಕಿ ನಿಂತರೆ ಅದೇ ಡೋಸು ಹೆಚ್ಚಾಗಿ, ಮಂಪರು, ಜೊಲ್ಲು, ಕೆಲವೊಮ್ಮೆ ಇನ್ನೂ ಗಂಭೀರವಾದದ್ದು ಆಗಬಹುದು. ತಂಬಾಕಿನ ಬದಲು ಕೊಡುವ ನಿಕೋಟಿನ್ ಗಮ್ ಅಗಿದರೂ ಇದು ತಪ್ಪುವುದಿಲ್ಲ, ಯಾಕೆಂದರೆ ಕೆಲಸ ಮಾಡುವುದು ಹೊಗೆ. ಬಿಡುವ ಮೊದಲು ನಿಮ್ಮ ಡಾಕ್ಟರಿಗೆ ತಿಳಿಸಿ, ದಯವಿಟ್ಟು.

ಗಾಂಜಾ, ತಂಬಾಕು ಎರಡನ್ನೂ ಸೇದುವವರಲ್ಲಿ ಆತಂಕ, ಖಿನ್ನತೆ ಹೆಚ್ಚು ಎಂಬುದು 2023ರ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲೂ ಕಂಡಿದೆ: ಎರಡನ್ನೂ ಬಳಸುವವರಲ್ಲಿ ಸುಮಾರು ನಾಲ್ವರಲ್ಲೊಬ್ಬರಿಗೆ ಆತಂಕ, ಯಾವುದನ್ನೂ ಮುಟ್ಟದವರಲ್ಲಿ ಹತ್ತರಲ್ಲೊಬ್ಬರಿಗೆ. ಮೊದಲು ಬಂದದ್ದು ಆತಂಕವೋ ಹೊಗೆಯೋ ಎಂದು ಇಂಥ ಅಧ್ಯಯನದಿಂದ ತೀರ್ಮಾನಿಸಬಾರದು.

ಎರಡನ್ನೂ ಒಟ್ಟಿಗೆ ಬಿಡಬೇಕೋ, ಒಂದಾದ ಮೇಲೊಂದೋ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರವಿಲ್ಲ. ಬೆರೆಸಿ ಸೇದುವವರಿಗೆ ನಾನು ಹೆಚ್ಚಾಗಿ ಒಟ್ಟಿಗೇ ಬಿಡಿಸುತ್ತೇನೆ, ನಿಕೋಟಿನ್ನಿಗೆ ಗಮ್ಮಿನ ಆಸರೆ ಕೊಟ್ಟು. ಗಮ್ಮನ್ನು ಎಲೆಯಡಿಕೆ ಥರ ಅಗಿಯುತ್ತಲೇ ಇರಬಾರದು. ನಾಲ್ಕಾರು ಸಲ ಅಗಿದು, ಚುರುಚುರು ಅನ್ನಿಸಿದಾಗ ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು, ಆಮೇಲೆ ಮತ್ತೆ ನಾಲ್ಕಾರು ಸಲ. ಹಾಕಿಕೊಳ್ಳುವ ಮುಂಚೆ ಕಾಲು ಗಂಟೆ ಕಾಫಿ ಕುಡಿಯಬಾರದು. ನಮ್ಮ ಕಡೆ ಇದನ್ನು ಒಪ್ಪಿಸುವುದು ಗಾಂಜಾ ಬಿಡಿಸುವುದಕ್ಕಿಂತ ಕಷ್ಟವಾದದ್ದೂ ಉಂಟು. ಆಸ್ಪತ್ರೆಗೆ ಬರಲು ಹಿಂಜರಿಯುವವರು ತಂಬಾಕು ಬಿಡಲು 1800-11-2356ಕ್ಕೂ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು.

ಕಳೆದ ಮಳೆಗಾಲದಲ್ಲಿ ಪಿರಿಯಾಪಟ್ಟಣದ ಕಡೆಯ ಹುಡುಗನೊಬ್ಬ ಬಂದಿದ್ದ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಅಪ್ಪ ಹೊಗೆಸೊಪ್ಪಿನ ಬೆಳೆಗಾರರು. ಬ್ಯಾರನ್ನಿನಲ್ಲಿ (ಹೊಗೆಸೊಪ್ಪು ಹದ ಮಾಡುವ ಮನೆಯಲ್ಲಿ) ಎಲೆ ಬೇಯಿಸುವಾಗ ರಾತ್ರಿಯೆಲ್ಲ ಬೆಂಕಿ ಕಾದವರು, ಬಾಯಿಗೆ ಬೀಡಿಯನ್ನೂ ಇಟ್ಟವರಲ್ಲ. ಮಗನ ಗಾಂಜಾ ಕಥೆ ಕೇಳಿ ತಲೆ ತಗ್ಗಿಸಿ ಕೂತಿದ್ದರು. ಎರಡನೇ ಭೇಟಿಗೆ ಹುಡುಗ, ನಾನು ಹೇಳಿದ್ದಂತೆ, ವಾರದ ಲೆಕ್ಕ ಬರೆದು ತಂದ. ಅಪ್ಪ ಆ ಚೀಟಿ ಇಸಿದುಕೊಂಡು ಬೆರಳು ಮಡಿಸಿ ಎಣಿಸಿದರು.

“ದಿನಕ್ಕೆ ಮೂರು ಅಂದ್ರೆ ತಿಂಗಳಿಗೆ ತೊಂಬತ್ತು. ಒಂಬತ್ತು ಪ್ಯಾಕ್ ಕಣೋ ಮಗ. ಸಿಗರೇಟ್ ಮುಟ್ಟಲ್ಲ ಅಂತಿದ್ಯಲ್ಲ.”

ಹುಡುಗ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಆ ಗಮ್ ಬೆಳಿಗ್ಗೆ ಎಷ್ಟೊತ್ತಿಗೆ ಹಾಕ್ಕೊಬೇಕು ಮೇಡಂ?” ಅಂದ.

“ಮೊದಲನೇದು ಎಷ್ಟೊತ್ತಿಗೆ ಹಚ್ತೀಯ?”

“ಏಳಕ್ಕೆ.”

“ಹಾಗಾದ್ರೆ ಆರೂ ಮುಕ್ಕಾಲಿಗೆ” ಅಂದೆ.