ಇಳಿವಯಸ್ಸಿನ ದುಡಿಮೆಗೊಂದು ಏರ್ಪಾಡು

ಶಿರಸಿ ಸೀಮೆಯ ಅಡಿಕೆ ಕೊಯ್ಲಿನಲ್ಲಿ ಮರ ಏರುವ ಕೊನೆಗೌಡನ ತೋಳಿಗಿಂತ ಕೆಳಗೆ ನಿಂತು ಮೇಲೆ ನೋಡುವ ಅಜ್ಜನ ಕಣ್ಣಿಗೆ ಹೆಚ್ಚು ಬೆಲೆ ಬರುವ ಗಳಿಗೆಗಳಿವೆ. ಸುಲಿದು ಬೇಯಿಸಿ ಮಾಡುವ ಕೆಂಪಡಿಕೆಗೆ ಕಾಯಿ ಹದವಾಗಿ ಬಲಿತಿರಬೇಕು. ಹಣ್ಣಾಗಿಬಿಟ್ಟರೆ ಅದು ಬಿಸಿಲಲ್ಲಿ ಒಣಗಿಸಿ ಸುಲಿಯುವ ಚಾಲಿಗೆ ಹೋಗುತ್ತದೆ. ಯಾವ ಕೊನೆಯನ್ನು (ಅಡಿಕೆ ಗೊನೆಯನ್ನು) ಇಂದು ಇಳಿಸಬೇಕು, ಯಾವುದನ್ನು ಮುಂದಿನ ಕೊಯ್ಲಿಗೆ ಬಿಡಬೇಕು ಎಂಬ ತೀರ್ಮಾನಕ್ಕೆ ಹತ್ತಾರು ಹಂಗಾಮು ಕಂಡ ಕಣ್ಣೇ ಬೇಕು.

ಮನಶ್ಶಾಸ್ತ್ರಜ್ಞರಾದ ರೇಮಂಡ್ ಕ್ಯಾಟೆಲ್ ಮತ್ತು ಜಾನ್ ಹಾರ್ನ್ 1960ರ ದಶಕದಲ್ಲಿ ಬುದ್ಧಿಶಕ್ತಿಯ ಎರಡು ಮುಖಗಳನ್ನು ಗುರುತಿಸಿದರು. ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಶಕ್ತಿ ಹರೆಯ ದಾಟಿದ ಮೇಲೆ ನಿಧಾನವಾಗಿ ಇಳಿಯುತ್ತದೆ. ಅನುಭವದಿಂದ ಕೂಡಿಬಂದ ತಿಳಿವಳಿಕೆಯಾದರೋ ಅರವತ್ತರ ಆಚೆಗೂ ಬಹಳಮಟ್ಟಿಗೆ ಉಳಿದಿರುತ್ತದೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತದೆಯೂ, ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಬೀಜಕ್ಕೆ ಯೋಗ್ಯವಾದ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆಯಬೇಕು ಎಂಬುದನ್ನು ಬಲ್ಲವರಾಗಿದ್ದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಇಂಥ ಜ್ಞಾನ ಕಡತದಲ್ಲಿ ಉಳಿಯುವುದಿಲ್ಲ; ಜೊತೆಗೆ ನಿಂತು ಕಲಿತವರ ಕೈಯಲ್ಲಿ ಮಾತ್ರ ಉಳಿಯುತ್ತದೆ.

ಮುಪ್ಪನ್ನು ಹೊರೆಯೆಂದು ಕಾಣುವ ನೋಟವನ್ನು ಪ್ರಶ್ನಿಸಿ, ವೃದ್ಧರು ಸಮಾಜಕ್ಕೆ ಕೊಡುತ್ತಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು 1980ರ ದಶಕದಲ್ಲಿ ವಾದಿಸಿದವರು ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್. ಕೊಡುವವರಿಗೂ ಇದರಿಂದ ಲಾಭವಿದೆಯೇ ಎಂಬುದು ತುಸು ತೊಡಕಿನ ಪ್ರಶ್ನೆ. ಸೇವೆಗೆ ಮುಂದೆ ಬರುವ ವೃದ್ಧರು ಗಟ್ಟಿಮುಟ್ಟಾಗಿರುವುದು ಸೇವೆಯಿಂದಲೋ, ಗಟ್ಟಿಮುಟ್ಟಾಗಿದ್ದುದರಿಂದಲೇ ಅವರು ಮುಂದೆ ಬಂದರೋ? ಇದನ್ನು ಬಿಡಿಸಲು ಸಂಶೋಧಕರು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಅರವತ್ತು ದಾಟಿದ 702 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಸುಮಾರು 15 ಗಂಟೆ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಓದು ಕಲಿಸಲು ನೆರವಾಯಿತು. ಕೆಲವರ ಮಿದುಳಿನ ಚಿತ್ರವನ್ನು ಎರಡು ವರ್ಷಗಳ ಬಳಿಕ ಮತ್ತೆ ತೆಗೆದು ನೋಡಿದಾಗ, ಶಾಲೆಗೆ ಹೋಗುತ್ತಿದ್ದ ಪುರುಷರಲ್ಲಿ ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಭಾಗ ಕುಗ್ಗುವ ಬದಲು ಕೊಂಚ ಹಿಗ್ಗಿತ್ತು. ಮಹಿಳೆಯರಲ್ಲಿ ಪರಿಣಾಮ ಅಷ್ಟು ಸ್ಪಷ್ಟವಿರಲಿಲ್ಲ. ಪವಾಡವೇನೂ ಅಲ್ಲ, ಆದರೆ ಅಲಕ್ಷಿಸುವಂಥದ್ದೂ ಅಲ್ಲ.

ನಮ್ಮಲ್ಲಿ ಹಿರಿಯರಿಗೆ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಕಳಿಸುವ ಉತ್ಸಾಹಕ್ಕೆ ಕೊರತೆಯಿಲ್ಲ. ಆದರೆ ಅವರ ಕಣ್ಣಿನ ಪೊರೆಯನ್ನು ಯಾರೂ ಕೇಳುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಕುಳಿತ ಅಜ್ಜಿ ಅಡಿಕೆ ಸುಲಿಯುವುದನ್ನು ನಿಲ್ಲಿಸಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತೇವೆ. ಹತ್ತಿರಕ್ಕೊಂದು ಎಲ್‌ಇಡಿ ದೀಪ, ಬೆನ್ನಿಗೊಂದು ಆಸರೆ, ಒಂದು ಪೊರೆಯ ಶಸ್ತ್ರಚಿಕಿತ್ಸೆ ಇದ್ದರೆ ಅದೇ ಕೈ ಮತ್ತೆ ಓಡಬಹುದಿತ್ತು. ಚಿಕಿತ್ಸೆಯಿಲ್ಲದ ದೃಷ್ಟಿದೋಷ, ಕಿವುಡುತನ, ಒಂಟಿತನ ಇವು ಮರೆಗುಳಿತನದ ಅಪಾಯವನ್ನು ಹೆಚ್ಚಿಸುವ, ಆದರೆ ತಡೆಯಬಹುದಾದ 14 ಕಾರಣಗಳ ಪೈಕಿ ಬರುತ್ತವೆಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗದ 2024ರ ವರದಿ ಹೇಳಿದೆ. ಮಕ್ಕಳು ಬೆಂಗಳೂರು ಸೇರಿ, ಅಪ್ಪ-ಆಯಿ ಇಬ್ಬರೇ ತೋಟ ಕಾಯುತ್ತಿರುವ ಘಟ್ಟದ ಒಂಟಿಮನೆಗಳಲ್ಲಿ ಈ ಮೂರೂ ಒಟ್ಟಿಗೇ ಸಿಗುತ್ತವೆ.

ಅತ್ತ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಪಟ್ಟಣಕ್ಕೆ ಕರೆಸಿಕೊಂಡ ಅಜ್ಜಿಗೆ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದಂತಾದರೆ ಅದನ್ನು ಸಾರ್ಥಕ ಮುಪ್ಪೆಂದು ಹೊಗಳುವುದು ಸರಿಯಲ್ಲ. ಕೆಲಸದ ಪ್ರಮಾಣ ಹಿತಮಿತವಾಗಿರಬೇಕು, ಬೇಡವೆನ್ನುವ ಸ್ವಾತಂತ್ರ್ಯವೂ ಇರಬೇಕು. ಜಪಾನಿನಲ್ಲಿ 1970ರ ದಶಕದಲ್ಲಿ ಆರಂಭವಾಗಿ 1986ರ ಕಾನೂನಿನಲ್ಲಿ ಮಾನ್ಯತೆ ಪಡೆದ ಹಿರಿಯರ ಉದ್ಯೋಗ ಕೇಂದ್ರಗಳು, ಊರಿನ ಸಣ್ಣಪುಟ್ಟ ಹಗುರ ಕೆಲಸಗಳನ್ನು ತಾತ್ಕಾಲಿಕವಾಗಿ ಹಂಚಿಕೊಟ್ಟು, ಮಾಡಿದ್ದಕ್ಕೆ ಹಣ ಕೊಡಿಸುತ್ತವೆ. ನಮ್ಮ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಬೀಜ ಆಯುವ, ವಿಂಗಡಿಸುವ ಕೆಲಸವನ್ನು ಹೀಗೆ ಅರ್ಧ ದಿನದ ಕೂಲಿಗೆ ಕೊಟ್ಟು, ಪ್ರತಿ ಹಿರಿಯರ ಪಕ್ಕದಲ್ಲಿ ಕಲಿಯುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಲು ಹೊಸ ಕಟ್ಟಡವೇನೂ ಬೇಕಿಲ್ಲ. ಹೋಗಿಬರಲು ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಬೇಕು.